ತತ್ತಿ ಒಡೆಯದ ನರ್ಸಬಾಯಿ

ಅಕ್ಕಾರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಖಾನಾಪುರದ ಸಂತೆಯಲ್ಲಿ, ಬದನೆಕಾಯಿ ಆರಿಸುತ್ತ ಕುಳಿತಿದ್ದಾಗ. ಮಾರುವ ಹೆಂಗಸು ತಕ್ಕಡಿ ಕೆಳಗಿಟ್ಟು, "ನಿಮ್ಮ ಜೋಡಿ ಇದ್ರಲ್ಲರೀ ನರ್ಸಬಾಯಿ, ಬೆಳಗಾವ್ಯಾಗ ಹೋಗಿಬಿಟ್ರಂತ. ನನ್ನ ಮಕ್ಕಳೆಲ್ಲಾ ಅವರ ಕೈಯಾಗ ಹುಟ್ಟಿದಾವ್ರೀ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಸುಲಭಕ್ಕೆ ಅಳುವವಳಲ್ಲ, ಚೌಕಾಸಿ ಬಿಡುವವಳೂ ಅಲ್ಲ. ಅಂದು ಅವಳು ಕೇಳಿದಷ್ಟು ಕೊಟ್ಟು, ಬದನೆಕಾಯಿಯ ಚೀಲವನ್ನು ಅಲ್ಲೇ ಮರೆತು ಮನೆಗೆ ಬಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಯಾರಾದರೂ ಗಟ್ಟಿಯಾಗಿ ಕೂಗಿದರೇ ಅವರಿಗೆ ಸಿಟ್ಟು ಬರುತ್ತಿತ್ತು. ನಮಗೆಲ್ಲ ಅವರು ಅಕ್ಕಾರು, ರೋಗಿಗಳಿಗೆ ನರ್ಸಬಾಯಿ. ಕುಳ್ಳಗಿನ ದೇಹ, ಬಿಳಿ ಸೀರೆ, ಓಟದಂಥ ನಡಿಗೆ. ಕೈಗಳು ಮಾತ್ರ ಆ ಮೈಗೆ ಒಪ್ಪದಷ್ಟು ದೊಡ್ಡವು. ಆ ಕೈಗಳಿಗೆ ಸದಾ ಕಾರ್ಬೋಲಿಕ್ ಸಾಬೂನಿನ ವಾಸನೆ. ಹೊಸಬರು ಯಾರೇ ಬರಲಿ, ಅವರ ಮುಖಕ್ಕಿಂತ ಮೊದಲು ಉಗುರು ನೋಡುವುದು ಅಕ್ಕಾರ ಅಭ್ಯಾಸ. ನಮ್ಮ ತಮ್ಮನಿಗೆ ನೋಡಿದ ಹುಡುಗಿಯ ಬಗ್ಗೆ ಅವರನ್ನು ಕೇಳಿದಾಗ, "ಮಾರಿ ನೆಪ್ಪಿಲ್ಲವಾ, ಉಗುರು ಸ್ವಚ್ಛ ಅದಾವ, ಮಾಡ್ಕೊಳ್ರಿ" ಎಂದಿದ್ದರು. ಅದೇ ಹುಡುಗಿಯನ್ನು ಮಾಡಿಕೊಂಡೆವು, ಈವರೆಗೆ ಯಾರಿಗೂ ಪಶ್ಚಾತ್ತಾಪವಾಗಿಲ್ಲ.

ಈಗ ನರ್ಸ್ ಆಗಬೇಕೆನ್ನುವ ಹುಡುಗಿಯರು ಬಂದು, ನಿಮ್ಮ ಕಾಲಕ್ಕೆ ಏನೇನು ಕಲಿತಿರಬೇಕಿತ್ತು ಎಂದು ನನ್ನನ್ನು ಕೇಳುತ್ತಾರೆ. ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ಬೆಳಗಾವಿಯ ನಮ್ಮ ದವಾಖಾನೆಯಲ್ಲಿ ಮೊದಲು ಬೇಕಾದದ್ದು ಮುಲ್ಕಿ, ಅಂದರೆ ಕನ್ನಡದಲ್ಲೋ ಮರಾಠಿಯಲ್ಲೋ ಏಳನೆಯ ಇಯತ್ತೆಯ ಪರೀಕ್ಷೆ ಪಾಸಾಗಿರಬೇಕು. ಔಷಧದ ಬಾಟಲಿಯ ಮೇಲಿನ ಇಂಗ್ಲಿಷ್ ಓದಲು ಬರಬೇಕು. ಇಪ್ಪತ್ತು ತುಂಬಿರಬೇಕು. ನಡತೆ ಒಳ್ಳೆಯದೆಂದು ಊರಿನ ದೊಡ್ಡ ಮನುಷ್ಯರೊಬ್ಬರು ಹೇಳಬೇಕು. ಮೊದಲು ಕೆಲವು ತಿಂಗಳು ಬರೀ ಊಟದ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಮಲ ಮೂತ್ರದ ಬೋಗುಣಿ ಎತ್ತಿ ವಾಂತಿ ಮಾಡಿಕೊಳ್ಳದೆ ಉಳಿದವರಿಗೆ ಆಮೇಲೆ ಮೂರು ವರ್ಷದ ಶಿಕ್ಷಣ. ಕೊನೆಗೆ ಪರೀಕ್ಷೆ: ಬರೆಯುವುದು, ಬಾಯಿಂದ ಹೇಳುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ರೋಗಿಯ ಪಥ್ಯದ ಅಡಿಗೆ ಮಾಡಿ ತೋರಿಸುವುದು. ಎಲ್ಲದರಲ್ಲೂ ಪಾಸಾದರೆ ಸರ್ಟಿಫಿಕೇಟ್. ಮುಂಬಯಿಯ ನರ್ಸರ ಯಾದಿಯಲ್ಲಿ ಹೆಸರು ಸೇರುತ್ತಿತ್ತು, ಒಂದು ಊರಿನ ದವಾಖಾನೆಯನ್ನು ನಂಬಿ ಕೊಡುತ್ತಿದ್ದರು. ಅದಿಲ್ಲದಿದ್ದರೆ ಕೂದಲು ನೆರೆಯುವ ತನಕ ದುಡಿದರೂ ಇನ್ನೊಬ್ಬರ ಕೈಕೆಳಗೇ.

ಅಕ್ಕಾರ ಹತ್ತಿರ ಮುಲ್ಕಿ ಇರಲಿಲ್ಲ. ನಾಲ್ಕನೆಯ ಇಯತ್ತೆಗೇ ಸಾಲೆ ಬಿಡಿಸಿ ಮದುವೆ ಮಾಡಿದ್ದರು. ಮರಾಠಿ ಮಂದಿ ಮಾನಮೋಡಿ ಎಂದು ಕರೆದ ಆ ಹಾಳು ಜ್ವರದ ವರ್ಷ ಗಂಡ ಹೋದ. ಜ್ವರ ಬಂದ ಮನೆಯ ಹೊಸ್ತಿಲು ತುಳಿಯಲು ಬಳಗದವರೂ ಹೆದರುತ್ತಿದ್ದಾಗ ಎಲ್ಲಿಂದಲೋ ಒಬ್ಬ ನರ್ಸಬಾಯಿ ಬಂದು, ಸಾಯುವವನ ತುಟಿಗೆ ನೀರು ಹಚ್ಚಿ, ಮೈ ಒರೆಸಿ ಹೋದಳಂತೆ. ಅವಳು ಯಾರೆಂದು ಅಕ್ಕಾರಿಗೆ ಕೊನೆಗೂ ತಿಳಿಯಲಿಲ್ಲ. ತವರಿಗೆ ಮರಳಿದ ಮೇಲೆ, ತಾನೂ ಅದೇ ಕೆಲಸ ಕಲಿಯುತ್ತೇನೆಂದು ಹಟ ಹಿಡಿದರು. ಅದಕ್ಕಾಗಿ ಹನ್ನೆರಡು ವರ್ಷದ ಹುಡುಗಿಯರ ಜೊತೆ ಕನ್ನಡ ಸಾಲೆಯ ಹಿಂದಿನ ಬಾಕಿನಲ್ಲಿ ಮೊಣಕಾಲು ಮಡಿಸಿ ಕುಳಿತರು.

ಆ ಸಾಲೆಗೆ ಒಮ್ಮೆ ಇನ್ಸ್‌ಪೆಕ್ಟರ್ ಬಂದರಂತೆ. ಪಾಠ ಹೇಳುತ್ತಿದ್ದ ಬಾಯಾರು, ಅಂದರೆ ಮಾಸ್ತರಣಿ, ಅಕ್ಕಾರಿಗಿಂತ ಚಿಕ್ಕವಳು, ಎತ್ತರವೂ ಅಷ್ಟಕ್ಕಷ್ಟೆ. ಸಾಹೇಬರು ಅವಳನ್ನು ದಾಟಿ ಸೀದಾ ಹಿಂದಿನ ಬಾಕಿಗೆ ಹೋಗಿ ಅಕ್ಕಾರಿಗೆ ಕೈಮುಗಿದು, ನಿಮ್ಮ ವರ್ಗ ಬಹಳ ಶಿಸ್ತಿನಿಂದಿದೆ ಎಂದು ಹೊಗಳಿದರು. ಅಕ್ಕಾರು ಎದ್ದು ನಿಂತು, "ನಾ ಅಲ್ರೀ ಸಾಹೇಬ್ರ, ಬಾಯಾರು ಅಲ್ಲಿ ಅದಾರ. ನನಗ ಇನ್ನೂ ಭಾಗಾಕಾರ ಬರೂದಿಲ್ಲ" ಎಂದರು. ಸಾಹೇಬರು ಎಷ್ಟು ನಾಚಿಕೊಂಡರೆಂದರೆ, ಆ ದಿನ ಎಲ್ಲರನ್ನೂ ಕೇಳಿದರೂ ಅಕ್ಕಾರನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಈ ಕಥೆ ಹೇಳಿ ತಾವೇ ಬಿದ್ದು ಬಿದ್ದು ನಗುತ್ತಿದ್ದರು.

ಅವರದು ಬೆಳಗಾವಿ ಕೋಟೆಯ ಬಾಜೂಕ್ಕೆ ಹಳೆಯ ಜೈನ ಮನೆತನ. ಅವ್ವ ದಿನಾ ಬೆಳಗ್ಗೆ ಬಸದಿಗೆ ಹೋಗಿ ಬಂದ ಮೇಲೇ ಬಾಯಿಗೆ ನೀರು ಹಾಕುವವರು. ಆ ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವವರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಮಗಳು ದವಾಖಾನೆಗೆ ಹೋಗುತ್ತೇನೆ ಎಂದಾಗ ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಹೇಳಿದರಂತೆ: "ಹೇಲು ಬಳಿ, ಉಚ್ಚಿ ಬಳಿ, ಸತ್ತವರನ್ನ ಮುಟ್ಟು. ಜಳಕಾ ಮಾಡಿದ್ರ ಹೋಗ್ತೈತಿ. ಆದ್ರ ಮಾಂಸ, ತತ್ತಿ ಮಾಡಿದ ಕೈಲೆ ನನ್ನ ಅಡಿಗಿಮನಿಗೆ ಬರಬ್ಯಾಡ." ಮಗಳು ಒಪ್ಪಿ ಮಾತು ಕೊಟ್ಟು ಬಂದರು.

ನಾನು ಅವರನ್ನು ಕಂಡದ್ದು ದವಾಖಾನೆಯಲ್ಲಿಯೇ, ಇಬ್ಬರೂ ಹೊಸಬರಾಗಿ ಒಂದೇ ಕೋಣೆಗೆ ಬಿದ್ದಾಗ. ನಮ್ಮದು ಖಾನಾಪುರದ ಕಡೆ ಎಮ್ಮೆ ಸಾಕುವ ಮನೆ. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ತಾಟಿನಲ್ಲಿ ಮೀನು ಕೋಳಿ ಎಲ್ಲವೂ. ನನ್ನ ಡಬ್ಬಿಯ ಒಣಮೀನಿನ ವಾಸನೆಗೆ ಅಕ್ಕಾರು ಮೊದಲ ದಿನವೇ ಓಡಿಹೋಗುತ್ತಾರೆಂದುಕೊಂಡೆ. ಅವರು ಕಿಟಕಿ ತೆರೆದು, "ಇದು ಸತ್ತು ಎಷ್ಟು ದಿನಾತು?" ಎಂದು ಕೇಳಿ ತಮ್ಮ ಹಾಸಿಗೆಯನ್ನು ಕಿಟಕಿಯ ಕಡೆ ಎಳೆದುಕೊಂಡರು, ಅಷ್ಟೆ. ಅಂದಿನಿಂದ ನಾವಿಬ್ಬರೂ ಜೋಡಿ.

ರಾತ್ರಿಯ ಪಾಳಿಯಲ್ಲಿ ನಾವೆಲ್ಲ ರೊಟ್ಟಿ ತಿಂದು ಚಹಾ ಕುಡಿದರೆ ಅವರು ಬೆಳಗಿನ ತನಕ ಖಾಲಿ ಹೊಟ್ಟೆಯಲ್ಲೇ ವಾರ್ಡ್ ಸುತ್ತುತ್ತಿದ್ದರು. ಅವರು ನೀರು ಸೋಸುವುದನ್ನು ನೋಡಿ ಮೇಟ್ರನ್ ಬಾಯಿ, ನೋಡಿ ಕಲಿಯಿರಿ, ಇದು ಆರೋಗ್ಯದ ಅರಿವು ಎಂದು ನಮ್ಮೆಲ್ಲರ ಮುಂದೆ ಹೊಗಳಿದ್ದುಂಟು. ಧರ್ಮವೋ ಆರೋಗ್ಯವೋ, ಹೊಗಳಿಕೆಯನ್ನಂತೂ ಅಕ್ಕಾರು ಸುಮ್ಮನೆ ಜೇಬಿಗೆ ಹಾಕಿಕೊಂಡರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಹಳೆಯ ಕಂಪೌಂಡರರೊಬ್ಬರು ಅದನ್ನು ಮರಾಠಿಯಲ್ಲಿ ಬಿಡಿಸಿ ಹೇಳುತ್ತಿದ್ದರು, ಅದನ್ನು ನಾನು ಅಕ್ಕಾರಿಗೆ ಕನ್ನಡದಲ್ಲಿ ಹೇಳಬೇಕು. ಮೂರು ಕೈ ದಾಟಿ ಬಂದ ಆ ಪಾಠವನ್ನು ಅವರು ಬೀಸುವ ಕಲ್ಲಿನ ಹಾಡಿನ ಧಾಟಿಗೆ ಕೂಡಿಸಿ ಬಾಯಿಪಾಠ ಮಾಡುತ್ತಿದ್ದರು. ಕೈಯ ಎಲುಬಿನ ಇಂಗ್ಲಿಷ್ ಹೆಸರುಗಳನ್ನು ಇಂದಿಗೂ ನಾನು ಹಾಡದೆ ಹೇಳಲಾರೆ.

ತೊಂದರೆ ಬಂದದ್ದು ಪಥ್ಯದ ಅಡಿಗೆಯಲ್ಲಿ. ಬಾರ್ಲಿ ನೀರು, ಗಂಜಿ, ಹಾಲು ಒಡೆಸಿದ ತಿಳಿ, ಇವೆಲ್ಲ ಅಕ್ಕಾರಿಗೆ ನೀರು ಕುಡಿದಷ್ಟು ಸುಲಭ. ಕೋಳಿಯ ಸಾರು ಮಾಡುವುದರಿಂದ ಶಾಕಾಹಾರಿಗಳಿಗೆ ಮಾಫಿ ಇತ್ತು. ಆದರೆ ಬಳಲಿದ ರೋಗಿಗೆ ಹಾಲಿನಲ್ಲಿ ಕೋಳಿಯ ಹಸಿ ತತ್ತಿ ಒಡೆದು, ಸಕ್ಕರೆ ಹಾಕಿ ಕಡೆದು ಕೊಡುವುದಕ್ಕೆ ಮಾಫಿ ಇರಲಿಲ್ಲ. ಅದು ಹಾಲಿನಂಥದೇ ಎಂಬುದು ಮೇಟ್ರನ್ ಬಾಯಿಯ ವಾದ. ವಾರ್ಡಿನಲ್ಲಿ ನಾವು ಒಳಗೊಳಗೇ ಒಂದು ಒಪ್ಪಂದ ಮಾಡಿಕೊಂಡೆವು. ನಾನು ತತ್ತಿ ಒಡೆದು ಹಾಲಿಗೆ ಹಾಕಿ ಕಡೆಯುವುದು. ಆಗ ಅಕ್ಕಾರು ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದು. ಆಮೇಲೆ ಗ್ಲಾಸು ತೆಗೆದುಕೊಂಡು ಹೋಗಿ ಅವರು ಕುಡಿಸುವುದು. ಕುಡಿಸುವುದರಲ್ಲಿ ಅವರ ಸಮ ಯಾರೂ ಇರಲಿಲ್ಲ. ನಾಲ್ಕು ದಿನದಿಂದ ಬಾಯಿ ತೆರೆಯದ ಮುದುಕಿಯೂ ಅವರ ಕೈಯ ಚಮಚಕ್ಕೆ ಬಾಯಿ ತೆರೆಯುತ್ತಿದ್ದಳು.

ಪರೀಕ್ಷೆಯಲ್ಲಿ ಈ ಒಪ್ಪಂದ ನಡೆಯುವಂತಿರಲಿಲ್ಲ. ಪುಣೆಯಿಂದ ಬಂದ ಪರೀಕ್ಷಕಿ, ಒಬ್ಬ ಡಾಕ್ಟರ್ ಬಾಯಿ, ನಾವು ಮಾಡಿದ ಪ್ರತಿಯೊಂದನ್ನೂ ಒಂದು ಚಮಚ ರುಚಿ ನೋಡಿ ಉಳಿದದ್ದನ್ನು ಮೇಜಿನ ಕೆಳಗಿನ ಬಕೀಟಿಗೆ ಸುರಿಯುತ್ತಿದ್ದಳು. ಅಕ್ಕಾರ ಗಂಜಿಗೆ ತಲೆಯಾಡಿಸಿದಳು. ಆಮೇಲೆ ಹಾಲು, ತತ್ತಿ ಮುಂದಿಟ್ಟಳು. ಅಕ್ಕಾರು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟರು. ಬರುವುದಿಲ್ಲವೇ ಎಂದು ಮೇಟ್ರನ್ ಬಾಯಿ ಕೇಳಿದರೆ, "ಬರತೈತ್ರೀ. ಮಾಡೂದಿಲ್ರೀ" ಎಂದರು. ಬೇರೆ ಎಲ್ಲದರಲ್ಲಿ ಪಾಸು, ಅಡಿಗೆಯಲ್ಲಿ ನಪಾಸು. ಸರ್ಟಿಫಿಕೇಟ್ ಇಲ್ಲ. ಬೇಕಿದ್ದರೆ ಬರುವ ವರ್ಷ ಬಂದು ಅದೊಂದನ್ನೇ ಮತ್ತೆ ಮಾಡಿ ತೋರಿಸಬೇಕು.

ನಾನು ಅವರ ಮೇಲೆ ಹರಿಹಾಯ್ದೆ. "ಹುಚ್ಚು ಹಿಡದೈತೇನ್ರೀ ಅಕ್ಕಾರ? ಒಂದು ತತ್ತಿ ಸಲುವಾಗಿ ಮೂರು ವರ್ಷದ್ದು ನೀರಾಗ ಹಾಕಿದ್ರಿ!"

"ಅವ್ವಗ ಮಾತು ಕೊಟ್ಟೀನವಾ," ಎಂದರು. "ಮತ್ತ ಆ ಬಾಯಿ ಒಂದು ಚಮಚಾ ನೆಕ್ಕಿ ಉಳದದ್ದೆಲ್ಲಾ ಬಕೀಟಿಗೆ ಸುರುವಿದ್ದು ನೋಡಿದಿ ಇಲ್ಲೊ? ಬಕೀಟಿನ ಹೊಟ್ಟಿ ತುಂಬಸಾಕ ಒಂದು ಜೀವ ತಗೀಲೇನು ನಾ?" ಎಂದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಪಾಸಾಗಿದ್ದ ನನ್ನನ್ನು ಖಾನಾಪುರದ ದವಾಖಾನೆಗೆ ಹಾಕಿದರು. ಅಕ್ಕಾರನ್ನು ನನ್ನ ಕೈಕೆಳಗೆ ಕೊಟ್ಟರು. ಇದಕ್ಕಿಂತ ಉಲ್ಟಾ ವ್ಯವಸ್ಥೆ ನಾನು ಕಂಡಿಲ್ಲ. ರೋಗಿಗಳ ಮುಂದೆ ಅವರು ನನ್ನನ್ನು "ಬಾಯಾರ, ಬಾಯಾರ" ಎಂದು ಬಾಯಿತುಂಬ ಕರೆಯುವರು. ಪರದೆಯ ಹಿಂದೆ ಬಂದ ಕೂಡಲೇ, "ಆ ಪಟ್ಟಿ ಬಿಚ್ಚು, ಕುದರೀಗೆ ಕಟ್ಟಿದಂಗ ಕಟ್ಟೀದಿ" ಎಂದು ಪಿಸುಗುಟ್ಟುವರು. ಜಾಂಬೋಟಿ, ಕಣಕುಂಬಿ ಕಡೆಯಿಂದ ಹೆರಿಗೆಯ ಸುದ್ದಿ ಬಂದರೆ ಇಬ್ಬರಲ್ಲಿ ಒಬ್ಬರು ಚಕ್ಕಡಿ ಹತ್ತಬೇಕು. ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋದವರು ಯಾವಾಗ ಬರುತ್ತಾರೆಂದು ಹೇಳುವಂತಿರಲಿಲ್ಲ.

ಹಾಗೆ ನಾನು ಜಾಂಬೋಟಿಗೆ ಹೋಗಿ ಹಳ್ಳ ತುಂಬಿ ಅಲ್ಲೇ ಸಿಕ್ಕಿಬಿದ್ದಾಗ ಈ ಘಟನೆ ನಡೆಯಿತು. ದವಾಖಾನೆಯಲ್ಲಿ ಹೆರಿಗೆಯಾಗಿ ರಕ್ತ ಹೋಗಿ ಸೋತ ಒಬ್ಬ ಹೆಂಗಸಿದ್ದಳು. ಡಾಕ್ಟರರು ಅವಳಿಗೆ ಹಾಲು ತತ್ತಿ ಕೊಡಲು ಹೇಳಿ ಬೇರೆ ಊರಿಗೆ ಹೋಗಿದ್ದರು. ಒಡೆಯಲು ನಾನಿಲ್ಲ. ಅಕ್ಕಾರು ಕಂಪೌಂಡರನನ್ನು ಕೇಳಿದರೆ ಅವನು ಜನಿವಾರ ಹಿಡಿದುಕೊಂಡು, "ನನ್ನ ಯಾಕ ನರಕಕ್ಕ ಕಳಸ್ತೀರಿ?" ಎಂದು ಔಷಧದ ಕೋಣೆಯ ಬಾಗಿಲು ಹಾಕಿಕೊಂಡ. ನಾಟಿಯ ಕಾಲ, ಊರೆಲ್ಲ ಗದ್ದೆಯಲ್ಲಿತ್ತು. ಅಕ್ಕಾರು ಮಳೆಯಲ್ಲಿ ಓಣಿ ಓಣಿ ತಿರುಗಿ, ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಚ್ಚುತ್ತಿದ್ದ ಒಬ್ಬನನ್ನು ಹಿಡಿದು ತಂದರು. ಅವನು ಪಾಪ, ಖುಷಿಯಿಂದಲೇ ಬಂದ. ಕೈ ತೊಳೆಯಿರಿ ಎಂದರೆ ಧೋತರಕ್ಕೆ ಒರೆಸಿಕೊಂಡ. ಹೆಬ್ಬೆರಳು ಒಳಗೆ ಅದ್ದುವಂತೆ ತತ್ತಿ ಒಡೆದು ಹಾಲಿಗೆ ಹಾಕಿದ. ಇದ್ದದ್ದೇ ಅದೊಂದು ತತ್ತಿ, ಅದೊಂದು ಗ್ಲಾಸು ಹಾಲು. ಆ ಹೆಂಗಸು ಅರೆಪ್ರಜ್ಞೆಯಲ್ಲಿದ್ದಳು. ಅಕ್ಕಾರು ಅದನ್ನೇ ಕುಡಿಸಿದರು.

ನಾನು ಮರಳಿ ಬರುವಷ್ಟರಲ್ಲಿ ಅವಳಿಗೆ ವಾಂತಿ ಭೇದಿ ಹತ್ತಿ, ಇದ್ದ ಬಲವೂ ಹೋಗಿ, ಅಕ್ಕಾರು ಅವಳ ಬದಿಯಿಂದ ಏಳದೆ ಕುಳಿತಿದ್ದರು. ಹಾಲೇ ಕೆಟ್ಟಿದ್ದಿರಬೇಕು ಎಂದು ಡಾಕ್ಟರರು ಹೇಳಿದರು. ನಾನೂ ಅದನ್ನೇ ಹೇಳಿದೆ. ಅಕ್ಕಾರು ಕೇಳಿಸಿಕೊಳ್ಳಲಿಲ್ಲ.

"ನನ್ನ ಕೈ ಚೊಕ್ಕ ಇರಲಿ ಅಂತ ಆಕಿಗೆ ಹೊಲಸ ಕೈಲೆ ಮಾಡಿದ್ದು ಕುಡಿಸಿದೆ," ಎಂದರು. "ಊರ ಮಂದಿ ಉಗುರು ನೋಡಾಕಿ ನಾ. ಇದು ಯಾವ ಧರ್ಮ, ನೀನ ಹೇಳು."

ಆ ಹೆಂಗಸು ಉಳಿದಳು. ಕೂಸನ್ನು ಎತ್ತಿಕೊಂಡು ನಗುತ್ತಲೇ ಊರಿಗೆ ಹೋದಳು. ಆದರೆ ಅವಳು ಹೋದ ಮೇಲೂ ಅಕ್ಕಾರು ಮೊದಲಿನಂತಾಗಲಿಲ್ಲ. ಯಾರಿಗಾದರೂ ತತ್ತಿ ಕೊಡಬೇಕಾದಾಗ ನಾನೇ ಒಡೆಯುತ್ತಿದ್ದೆ, ಅವರು ಗೋಡೆಯ ಕಡೆ ಮುಖ ತಿರುಗಿಸುವುದನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತ ನಿಲ್ಲತೊಡಗಿದರು. ಅವರ ಮನಸ್ಸಿನಲ್ಲಿ ಏನು ನಡೆದಿದೆಯೆಂದು ನನಗೆ ಗೊತ್ತಾಗುತ್ತಿತ್ತು. ಕೇಳುವ ಧೈರ್ಯವಾಗಲಿಲ್ಲ, ನನ್ನಂಥ ಬಾಯಿಬಡುಕಿಗೂ.

ಮರುವರ್ಷ ಪರೀಕ್ಷೆಗೆ ನಾನೂ ರಜೆ ಹಾಕಿ ಅವರ ಜೊತೆ ರೈಲು ಹತ್ತಿದೆ. ಬೆಳಗಾವಿಯ ದವಾಖಾನೆಯಲ್ಲಿ ಅಡಿಗೆಯ ಕೋಣೆಯ ಕಿಟಕಿಯ ಹೊರಗೆ ನಿಂತು ನಾನು ನೋಡಿದೆ. ಅದೇ ಪರೀಕ್ಷಕಿ, ಅದೇ ಹಾಲು, ತತ್ತಿ. ಅಕ್ಕಾರು ಈ ಸಲ ಕೈ ಹಿಂದೆ ಕಟ್ಟಲಿಲ್ಲ. ಮೇಟ್ರನ್ ಬಾಯಿಯ ಕಡೆ ತಿರುಗಿ, "ಇದನ್ನ ಕುಡಿಯೂ ಪೇಶಂಟ್ ಯಾರ್ರೀ?" ಎಂದು ಕೇಳಿದರು.

ಪರೀಕ್ಷೆಯಲ್ಲಿ ಪೇಶಂಟ್ ಇರುವುದಿಲ್ಲ ಎಂದು ಮೇಟ್ರನ್ ಬಾಯಿ ಹೇಳಿದಳು.

"ಇಲ್ಲಾಂದ್ರ ನಾ ಒಡಿಯೂದಿಲ್ರೀ. ಇದ್ರ ಒಡೀತೀನಿ. ವಾರ್ಡಿನ್ಯಾಗ ಬಾಗಲದ ಕಡೀ ಕಾಟಿನ ಮ್ಯಾಲೆ ಬಾಣಂತಿ ಅದಾಳ. ಆಕಿಗೆ ಇವತ್ತಿಂದು ಇನ್ನೂ ಕೊಟ್ಟಿಲ್ಲಂತ. ಕೇಳಿ ಬಂದೀನಿ."

ಮೇಟ್ರನ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಪರೀಕ್ಷಕಿ ಗಡಿಯಾರ ನೋಡಿದಳು, ಅಕ್ಕಾರನ್ನು ನೋಡಿದಳು. ತನಗೆ ತನ್ನ ಒಂದು ಚಮಚ ಸಿಕ್ಕರೆ ಸಾಕು, ಉಳಿದದ್ದು ಯಾರಿಗೆ ಹೋದರೂ ತನ್ನದೇನೂ ಅಭ್ಯಂತರವಿಲ್ಲ ಎಂದಳು.

ಅಕ್ಕಾರು ಮೊಣಕೈ ತನಕ ಕೈ ತೊಳೆದರು. ತತ್ತಿ ಎತ್ತಿಕೊಂಡರು. ಮೊದಲ ಸಲ ಬಟ್ಟಲಿನ ಅಂಚಿಗೆ ತಾಗಿಸಿದಾಗ ಅದು ಒಡೆಯಲಿಲ್ಲ. ಎರಡನೆಯ ಸಲ ಚೂರುಚೂರಾಗಿ ಸಿಪ್ಪೆಯೆಲ್ಲ ಹಾಲಿಗೆ ಬಿತ್ತು. ಒಂದೊಂದೇ ಚೂರನ್ನು ಚಮಚದಿಂದ ತೆಗೆದು, ಸಕ್ಕರೆ ಹಾಕಿ ಕಡೆದರು. ಪರೀಕ್ಷಕಿ ಚಮಚ ಬಾಯಿಗಿಟ್ಟು ಮುಖ ಸಿಂಡರಿಸಿದಳು; ಸಕ್ಕರೆ ಬಹಳವಾಗಿತ್ತು. ಪಾಸಾಗಲು ಬೇಕಾದಷ್ಟು ಮಾರ್ಕು ಮಾತ್ರ ಕೊಟ್ಟಳು, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಿಲ್ಲ. ಅಕ್ಕಾರು ಪಾಸೋ ನಪಾಸೋ ಕೇಳದೆ ಗ್ಲಾಸು ಹಿಡಿದು ವಾರ್ಡಿಗೆ ನಡೆದುಬಿಟ್ಟರು.

ಸರ್ಟಿಫಿಕೇಟ್ ಬಂತು. ನನಗೆ ಬೇರೆ ಊರಿಗೆ ಬದಲಿಯಾಗಿ ಖಾನಾಪುರ ಅವರ ಕೈಗೆ ಬಂತು. ಕಣ್ಣು ಮಂಜಾಗುವ ತನಕ ಅವರು ಅಲ್ಲಿ ಮಾಡಿದ ಕೆಲಸವನ್ನು ನಾನು ಹೇಳಬೇಕಾಗಿಲ್ಲ, ಬದನೆಕಾಯಿ ಮಾರುವವಳನ್ನು ಕೇಳಿದರೂ ಹೇಳುತ್ತಾಳೆ. ಯಾರಿಗೂ ಗೊತ್ತಿಲ್ಲದ್ದು ಆ ಪರೀಕ್ಷೆಯ ದಿನ ಅವರ ಮನೆಯಲ್ಲಿ ನಡೆದದ್ದು.

ವಾರ್ಡಿನಿಂದ ಬಂದವರಿಗೆ ಪಾಸಾದದ್ದನ್ನು ಹೇಳಿದರೆ, "ಮನಿಗೆ ಹೋಗೂಣು ನಡಿ. ನೀನೂ ಬಾ, ಒಬ್ಬಾಕಿಗೆ ಆಗೂದಿಲ್ಲ" ಎಂದರು. ದಾರಿಯಲ್ಲಿ ನಾನು ಹೇಳಿ ನೋಡಿದೆ: "ಅವ್ವಾರಿಗೆ ಯಾರು ಹೇಳ್ತಾರ್ರೀ? ಸುಮ್ಮನ ಇದ್ದುಬಿಡ್ರಿ." ಅಕ್ಕಾರು ನಡಿಗೆಯನ್ನು ಇನ್ನೂ ಚುರುಕು ಮಾಡಿದರು.

ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ನಾನು ಯಾವತ್ತಿನಂತೆ ಕಂಬಕ್ಕೆ ಆತು ಕುಳಿತೆ. ಅಕ್ಕಾರು ಕೂರಲಿಲ್ಲ. ಅಂಗಳದಲ್ಲೇ ನಿಂತು ಹೇಳಿದರು: "ಅವ್ವಾ, ಇವತ್ತ ಈ ಕೈಲೆ ತತ್ತಿ ಒಡದೆ. ಪಾಸಾದೆ. ಇನ್ನ ಮುಂದೂ ಒಡೀಬೇಕಾಗ್ತೈತಿ."

ಅವ್ವನ ಬೆರಳು ಮೊರದಲ್ಲಿ ಆಡುತ್ತಲೇ ಇತ್ತು. ಹರಳು ಸಿಕ್ಕಿತು, ತೆಗೆದು ಅಂಗಳಕ್ಕೆ ಒಗೆದರು. ಆಮೇಲೆ ಕೇಳಿದರು:

"ಯಾರು ಕುಡದ್ರು ಅದನ್ನ?"

"ಒಬ್ಬಾಕಿ ಬಾಣಂತಿ. ಎದಿಯಾಗ ಹಾಲು ಬತ್ತಿತ್ತು."

"ಹೊಟ್ಯಾಗ ನಿಂತಿತೇನು ಆಕಿಗೆ?"

"ನಿಂತಿತವ್ವಾ. ಕೂತು ನೋಡಿ ಬಂದೆ."

ಅವ್ವ ಮೊರ ಬದಿಗಿಟ್ಟು ಎದ್ದರು. "ನಾ ಒಂದು ಮಾತು ಹೇಳಿದ್ದೆ. ಅದರಾಗ ಏನೂ ಬದಲಿಲ್ಲ. ಅಡಿಗಿಮನಿಗೆ ಬರಬ್ಯಾಡ," ಎಂದು ಒಳಗೆ ಹೋದರು. ಅಕ್ಕಾರು "ಹೂಂ" ಎಂದರು. ಆ ಮುಖ ನನಗೆ ನೋಡಲಾಗಲಿಲ್ಲ. ಮುದುಕಿಗೆ ನಾಲ್ಕು ಮಾತು ಅಂದೇ ಬರುತ್ತೇನೆಂದು ನಾನು ಎದ್ದು ನಿಂತೆ.

ಅಷ್ಟರಲ್ಲಿ ಅವ್ವ ಹೊರಗೆ ಬಂದರು. ಎರಡು ಕೈಯಲ್ಲಿ ಎರಡು ತಾಟು. ಒಂದನ್ನು ಪಡಸಾಲೆಯ ಈ ಬದಿಗೆ ಇಟ್ಟರು, ಇನ್ನೊಂದನ್ನು ಅದರ ಎದುರಿಗೆ. ಮತ್ತೆ ಒಳಗೆ ಹೋಗಿ ಮೂರನೆಯದನ್ನು ತಂದು ನನ್ನ ಮುಂದಿಟ್ಟರು. ಆಮೇಲೆ ಮಗಳ ಎದುರಿನ ತಾಟಿಗೆ ತಾವೇ ಕುಳಿತರು. ಹುಟ್ಟಿದಾಗಿನಿಂದ ಒಲೆಯ ಮುಂದೆ ಬಿಟ್ಟು ಬೇರೆ ಕಡೆ ಉಣ್ಣದ ಹೆಂಗಸು ಬೀದಿಯ ಮಂದಿ ನೋಡುವಂತೆ ಪಡಸಾಲೆಯಲ್ಲಿ ಕಾಲು ಮಡಚಿ ಕುಳಿತು, "ಕೈ ತೊಳಕೊಂಡು ಬಾ, ರೊಟ್ಟಿ ಆರತಾವು" ಎಂದರು.

ಅವ್ವ ಬದುಕಿರುವ ತನಕ ಅಕ್ಕಾರು ಖಾನಾಪುರದಿಂದ ಬಂದಾಗಲೆಲ್ಲ ಹಾಗೆಯೇ ನಡೆಯಿತು. ಮಗಳನ್ನು ಒಳಗೆ ಕರೆಯಲಿಲ್ಲ. ಮಳೆಯ ಇರಚಲು ತಾಟಿಗೇ ಹೊಡೆಯುವ ದಿನಗಳಲ್ಲೂ ತಾವು ಒಳಗೆ ಹೋಗಿ ಉಣ್ಣಲಿಲ್ಲ.